ಬೇರಿನ ಬಲದ ಕೇದಗೆ

ಕೇದಗೆಯ ಮಾತು ಬಂದರೆ ಎಲ್ಲರೂ ಹೂವಿನ ಪರಿಮಳ ನೆನೆಯುತ್ತಾರೆ. ನನಗೆ ಮಾತ್ರ ಅದರ ಬುಡವೇ ಹೆಚ್ಚು ಇಷ್ಟ. ಕಾಂಡದಿಂದ ಹೊರಟ ದಪ್ಪ ಬೇರುಗಳು ಗಾಳಿಯಲ್ಲೇ ಓರೆಯಾಗಿ ಇಳಿದು, ಮರಳನ್ನೋ ಕೆಸರನ್ನೋ ಹೊಕ್ಕು, ಇಡೀ ಗಿಡಕ್ಕೆ ಊರುಗೋಲಾಗುತ್ತವೆ. ಕೇದಗೆ ಏಕದಳ ಸಸ್ಯ. ಮಾವು, ಹಲಸಿನ ಹಾಗೆ ಅದರ ಕಾಂಡ ವರ್ಷವರ್ಷವೂ ದಪ್ಪವಾಗುತ್ತ ಹೋಗುವುದಿಲ್ಲ. ತಲೆಭಾರ ಹೆಚ್ಚಿದಂತೆ ಹೊಸ ಬೇರು ಇಳಿಬಿಟ್ಟು ನಿಲ್ಲುತ್ತದೆ.

ಆದರೆ ನೆಲ ಮುಟ್ಟುವ ತನಕ ಆ ಬೇರಿನ ತುದಿಗೆ ನೀರೆಲ್ಲಿಂದ? ಆಸ್ಟ್ರೇಲಿಯಾದ ಲಾರ್ಡ್ ಹೋವ್ ದ್ವೀಪದಲ್ಲಿ ಬೆಳೆಯುವ ಪ್ಯಾಂಡನಸ್ ಫೋರ್ಸ್ಟೆರಿ ಎಂಬ ಕೇದಗೆಯಲ್ಲಿ ಇದಕ್ಕೊಂದು ಉತ್ತರ ಸಿಕ್ಕಿತು. ಅಧ್ಯಯನ ಪ್ರಕಟವಾದದ್ದು 2018ರಲ್ಲಿ. ದೋಣಿಯಂತೆ ಮಡಚಿದ ಎಲೆಗಳು ಮಳೆನೀರನ್ನು ಹಿಡಿದು ಕಾಂಡಕ್ಕೆ ಹರಿಸುತ್ತವೆ. ಅಲ್ಲಿಂದ ಬೇರಿನ ಮೈಮೇಲಿನ ಕಾಲುವೆಗಳಲ್ಲಿ ನೀರು ತುದಿಗಿಳಿಯುತ್ತದೆ, ತುದಿಯ ಮೆತ್ತನೆಯ ಪದರ ಅದನ್ನು ಹೀರಿಕೊಳ್ಳುತ್ತದೆ. ಗಿಡ ತನ್ನ ಎಳೆಯ ಬೇರಿಗೆ ತಾನೇ ನೀರುಣಿಸುವುದೆಂದರೆ ಸಣ್ಣ ಮಾತಲ್ಲ.

ಕೇದಗೆ ಸೇರಿರುವ ಪ್ಯಾಂಡನಸ್ ಕುಲದಲ್ಲಿ ಸುಮಾರು 600 ಪ್ರಭೇದಗಳಿವೆ. ಆಫ್ರಿಕಾದಿಂದ ಪೆಸಿಫಿಕ್ ದ್ವೀಪಗಳವರೆಗೆ, ಉಷ್ಣವಲಯದುದ್ದಕ್ಕೂ ಹರಡಿವೆ. ಕಾಂಡದ ಸುತ್ತ ತಿರುಚಿಕೊಂಡು ಏರುವ ಉದ್ದನೆಯ ಎಲೆಗಳು ಇವುಗಳ ಗುರುತು. ಎಲೆಯ ಎರಡೂ ಅಂಚಿನಲ್ಲಿ ಮುಳ್ಳು, ನಡುನರದ ಕೆಳಗೂ ಮುಳ್ಳು. ಕರಾವಳಿಯ ಹೆಂಗಸರು ಈ ಮೂರೂ ಸಾಲನ್ನು ಸೀಳಿ ತೆಗೆದು, ಎಲೆಯನ್ನು ಬೆಂಕಿಗೆ ಹಿಡಿದು ಬಾಡಿಸಿ, ಕೊಳವೆಯಾಗಿ ಸುತ್ತಿ ಕಡ್ಡಿ ಚುಚ್ಚುತ್ತಾರೆ. ಅದರಲ್ಲಿ ಹಿಟ್ಟು ಹೊಯ್ದು ಬೇಯಿಸಿದರೆ ಅಷ್ಟಮಿಯ ಮೂಡೆ.

ಗಂಡು, ಹೆಣ್ಣು ಗಿಡಗಳು ಬೇರೆ ಬೇರೆ. ನಾವು ಮುಡಿಯುವುದು ಗಂಡು ಹೂವನ್ನು. ಒಡಿಶಾದ ಗಂಜಾಂ ಜಿಲ್ಲೆಯಲ್ಲಿ ಕೇವಡಾ ಅತ್ತರು ಇಳಿಸುವುದೂ ಅದರಿಂದಲೇ. ಹೆಣ್ಣು ಗಿಡ ಅನಾನಸಿನಂಥ ಕಾಯಿ ಬಿಡುತ್ತದೆ. ಅದರ ನಾರುಭರಿತ ತೊಳೆಗಳು ಬಿಡಿಬಿಡಿಯಾಗಿ ಉದುರಿ, ಉಪ್ಪುನೀರಲ್ಲಿ ತೇಲುತ್ತ ದೂರದ ದಡ ಸೇರಿ ಮೊಳೆಯಬಲ್ಲವು.

ಕಡಲತೀರ ಮಾತ್ರವಲ್ಲ, ಪಶ್ಚಿಮಘಟ್ಟದ ಹಳ್ಳಕೊಳ್ಳಗಳ ಅಂಚೂ, ಉತ್ತರ ಕನ್ನಡದ ರಾಮಪತ್ರೆ ಜಡ್ಡಿಗಳೆಂಬ ಜೌಗು ಕಾಡುಗಳೂ ಇವುಗಳ ನೆಲೆ. ಮಣ್ಣು ಸದಾ ಸಡಿಲವಾಗಿರುವ ಕಡೆಯೇ ಇವು ಬೇರೂರುತ್ತವೆ, ಆ ಮಣ್ಣನ್ನು ಹಿಡಿದಿಡುತ್ತವೆ. ತೋಡಿನ ದಡಕ್ಕೆ ಕಲ್ಲುಗೋಡೆ ಕಟ್ಟಲು ಈ ಪೊದೆಗಳನ್ನೇ ಸವರಿಹಾಕುವುದನ್ನು ಕಂಡಾಗ ಸಂಕಟವಾಗುತ್ತದೆ. ಗೋಡೆ ಬೇಕೇಬೇಕಾದ ಜಾಗವೂ ಇರಬಹುದು; ಉಳಿದೆಡೆ ಬುಡದ ಕಂದು ಕಿತ್ತು ಮಳೆಗಾಲದ ಆರಂಭದಲ್ಲಿ ಸಾಲಾಗಿ ನೆಟ್ಟರೆ ಕೇದಗೆ ಚಿಗುರಿಕೊಳ್ಳುತ್ತದೆ.