ಕೊಟ್ಟಿಗೆಯ ನಿಕ್ಕಲ್, ಶಿವನಪುರದ ಜಲಜನಕ

ಕುಂದಾಣ ಹೋಬಳಿಯ ಯಾವ ಊರಾದರೂ ಸರಿ, ರಾತ್ರಿಯಿಡೀ ಮುಚ್ಚಿದ್ದ ಕೊಟ್ಟಿಗೆಯ ಬಾಗಿಲನ್ನು ಹಾಲು ಕರೆಯುವ ಹೊತ್ತಿಗೆ ತೆಗೆದರೆ ಮೂಗಿಗೆ ಅಡರುವ ಘಾಟು ಒಂದೇ. ಕಣ್ಣು ಉರಿಸುವ ಆ ಘಾಟು ಅಮೋನಿಯಾದ್ದು. ಹಸು ಆಗಷ್ಟೇ ಹೊಯ್ದ ಗಂಜಲದಲ್ಲಿ ಅಮೋನಿಯಾ ಹೆಚ್ಚೇನೂ ಇರುವುದಿಲ್ಲ, ಇರುವುದು ಯೂರಿಯಾ. ನೆಲಕ್ಕೆ ಮೆತ್ತಿದ ಸಗಣಿಯಲ್ಲಿರುವ ಬ್ಯಾಕ್ಟೀರಿಯಾಗಳು ಯೂರಿಯೇಸ್ ಎಂಬ ಕಿಣ್ವವನ್ನು ಹಚ್ಚಿ ಆ ಯೂರಿಯಾವನ್ನು ಒಡೆಯುತ್ತವೆ. ಕಿಣ್ವ ಇಲ್ಲದಿದ್ದರೆ ನೀರಿನಲ್ಲಿ ಕರಗಿದ ಯೂರಿಯಾ ವರ್ಷಗಟ್ಟಲೆ ಹಾಗೇ ಉಳಿಯಬಲ್ಲದು. ಕಿಣ್ವವಿದ್ದರೆ ಬೆಳಗಾಗುವುದರೊಳಗೆ ಕೊಟ್ಟಿಗೆ ತುಂಬ ಘಾಟು.

ಅಮೆರಿಕದ ಜೇಮ್ಸ್ ಸಮ್ನರ್ 1926ರಲ್ಲಿ ಜ್ಯಾಕ್ ಬೀನ್ ಎಂಬ ಕಾಳಿನಿಂದ ಯೂರಿಯೇಸನ್ನು ಹರಳು ರೂಪದಲ್ಲಿ ಬೇರ್ಪಡಿಸಿದರು. ಹಾಗೆ ಹರಳಾಗಿ ಸಿಕ್ಕ ಮೊದಲ ಕಿಣ್ವ ಅದು. ಅದಕ್ಕಾಗಿ 1946ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಅದರೊಳಗೆ ಕೆಲಸ ಮಾಡುವುದು ಯಾವ ಲೋಹ ಎಂಬುದು ಗೊತ್ತಾಗಿದ್ದು 1975ರಲ್ಲಿ, ಆಸ್ಟ್ರೇಲಿಯಾದ ಪ್ರಯೋಗಾಲಯವೊಂದರಲ್ಲಿ: ನಿಕ್ಕಲ್. ಅಕ್ಕಪಕ್ಕ ಕೂತ ಎರಡು ನಿಕ್ಕಲ್ ಪರಮಾಣುಗಳೇ ಯೂರಿಯಾವನ್ನು ಹಿಡಿದು ಮುರಿಯುತ್ತವೆ.

ಅದೇ ಯೂರಿಯಾ, ಅದೇ ನಿಕ್ಕಲ್. ಆದರೆ ಬರಬೇಕಾದ್ದು ಅಮೋನಿಯಾದ ಘಾಟಲ್ಲ, ಇಂಧನವಾಗುವ ಜಲಜನಕ. ಈ ಕೆಲಸಕ್ಕೆ ಕೈಹಾಕಿದವರು ತುಮಕೂರು ರಸ್ತೆಯ ಕಡೆ, ದಾಸನಪುರ ಹೋಬಳಿಯ ಶಿವನಪುರದಲ್ಲಿದ್ದಾರೆ. ಅಲ್ಲಿನ ನ್ಯಾನೋ ಮತ್ತು ಮೃದುವಸ್ತು ವಿಜ್ಞಾನ ಕೇಂದ್ರ ಮೊದಲು ಜಾಲಹಳ್ಳಿಯಲ್ಲಿತ್ತು. ಅದನ್ನು 1991ರಲ್ಲಿ ಕಟ್ಟಿದವರು ದ್ರವ ಹರಳುಗಳ ಸಂಶೋಧನೆಗೆ ಹೆಸರಾದ ಪ್ರೊ. ಎಸ್. ಚಂದ್ರಶೇಖರ್. ಈಗ ಅದು ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಸ್ವಾಯತ್ತ ಸಂಸ್ಥೆ. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಮೇಲೆ ಹಾಯುವ ಅರ್ಕಾವತಿಯ ಹೆಸರನ್ನೇ ಅದರ ಆವರಣಕ್ಕೆ ಇಟ್ಟಿದ್ದಾರೆ. ನೀನಾ ಎಸ್. ಜಾನ್ ಅವರ ತಂಡ ನಿಕ್ಕಲ್ ವೇಗವರ್ಧಕಗಳನ್ನು ಹದಗೊಳಿಸುತ್ತಿರುವುದು ಇಲ್ಲೇ.

ನಿಕ್ಕಲ್ಲೇ ಏಕೆ? ಕರೆಂಟು ಹಾಯಿಸಿ ನೀರನ್ನು ಒಡೆದರೆ ಒಂದು ಕಡೆ ಜಲಜನಕ, ಇನ್ನೊಂದು ಕಡೆ ಆಮ್ಲಜನಕ ಬರುತ್ತದೆ. ಈ ಕ್ರಿಯೆ ಚುರುಕಾಗಿ ನಡೆಯಲು ವಿದ್ಯುದ್ವಾರದ ಮೈಮೇಲೆ ವೇಗವರ್ಧಕ ಬೇಕು. ಆಮ್ಲೀಯ ಪೊರೆ ಬಳಸುವ ಯಂತ್ರಗಳಲ್ಲಿ ಆ ಜಾಗದಲ್ಲಿರುವುದು ಪ್ಲಾಟಿನಮ್ ಮತ್ತು ಇರಿಡಿಯಮ್. ಇರಿಡಿಯಮ್ ಇಡೀ ಜಗತ್ತಿನಲ್ಲಿ ವರ್ಷಕ್ಕೆ ಸಿಗುವುದು ಏಳೆಂಟು ಟನ್, ಅದರಲ್ಲಿ ಬಹುಪಾಲು ದಕ್ಷಿಣ ಆಫ್ರಿಕಾದಿಂದ. ಒಂದು ಗ್ರಾಂ ಇರಿಡಿಯಮ್‌ನ ದುಡ್ಡಿಗೆ ಹಲವು ಕಿಲೋ ನಿಕ್ಕಲ್ ಬರುತ್ತದೆ. 2023ರ ಜನವರಿಯಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ಹಸಿರು ಜಲಜನಕ ಮಿಷನ್ನಿನ ಗುರಿ 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್. ಅಷ್ಟು ಜಲಜನಕಕ್ಕೆ ಇರಿಡಿಯಮ್ಮನ್ನೇ ನೆಚ್ಚಿಕೊಳ್ಳುವುದು ಆಗುವ ಮಾತಲ್ಲ.

ನಿಕ್ಕಲ್ ಈ ಕೆಲಸಕ್ಕೆ ಹೊಸದೂ ಅಲ್ಲ. ಪಂಜಾಬಿನ ನಂಗಲ್ ಕಾರ್ಖಾನೆಯಲ್ಲಿ 1960ರ ದಶಕದಲ್ಲೇ ಭಾಕ್ರಾ ಅಣೆಕಟ್ಟಿನ ಕರೆಂಟಿನಿಂದ ನೀರನ್ನು ಒಡೆದು, ಬಂದ ಜಲಜನಕದಿಂದ ಗೊಬ್ಬರ ಮಾಡುತ್ತಿದ್ದರು. ಕ್ಷಾರ ದ್ರಾವಣ ಬಳಸುವ ಅಂಥ ಯಂತ್ರಗಳಿಗೆ ನಿಕ್ಕಲ್ ವಿದ್ಯುದ್ವಾರಗಳೇ ಆಧಾರ. ಎಣ್ಣೆಗೆ ಜಲಜನಕ ಸೇರಿಸಿ ವನಸ್ಪತಿ ಮಾಡುವುದಕ್ಕೂ ನಿಕ್ಕಲ್ ಬೇಕು. ಆ ದಾರಿ ತೋರಿಸಿದ ಫ್ರಾನ್ಸಿನ ಪಾಲ್ ಸಬಾಟಿಯೆಗೆ 1912ರಲ್ಲಿ ನೊಬೆಲ್ ಸಂದಿತ್ತು. ಅಣುವನ್ನು ಸಡಿಲವಾಗಿ ಹಿಡಿದರೆ ಕ್ರಿಯೆ ಶುರುವೇ ಆಗದು, ಬಿಗಿಯಾಗಿ ಹಿಡಿದರೆ ಮುಗಿದ ಮೇಲೂ ಬಿಡದು, ಹಿಡಿತ ಹದವಾಗಿರಬೇಕು ಎಂಬ ಅವರ ತತ್ವವೇ ಇವತ್ತಿಗೂ ವೇಗವರ್ಧಕ ರೂಪಿಸುವವರ ಮೊದಲ ಪಾಠ. ದುಬಾರಿ ಲೋಹದ ಗುಣ ಇರುವುದು ಆ ಹದದಲ್ಲಿ. ಅಗ್ಗದ ಲೋಹಕ್ಕೂ ಆ ಹದವನ್ನು ತರಿಸಬಹುದು. ಕುಂದಾಣದ ಸುತ್ತಿನ ದ್ರಾಕ್ಷಿ ಚಪ್ಪರದ ಒಂದೊಂದು ಎಲೆಯೂ ಹಗಲೆಲ್ಲ ನೀರನ್ನು ಒಡೆಯುವುದು ಮ್ಯಾಂಗನೀಸ್ ಮತ್ತು ಕ್ಯಾಲ್ಸಿಯಮ್ ಇಟ್ಟುಕೊಂಡೇ.

ನೀರು ಒಡೆಯುವುದರಲ್ಲಿ ಕಷ್ಟದ ಭಾಗ ಆಮ್ಲಜನಕದ ಕಡೆಯದು. ಒಂದು ಅಣು ಆಮ್ಲಜನಕ ಹೊರಬರಲು ನಾಲ್ಕು ಎಲೆಕ್ಟ್ರಾನುಗಳು ಒಂದಾದ ಮೇಲೊಂದು ಕಳಚಬೇಕು. ಕರೆಂಟಿನ ಬಹುಪಾಲು ನಷ್ಟ ಆಗುವುದು ಇಲ್ಲಿ. ಲೆಕ್ಕದ ಪ್ರಕಾರ ನೀರು ಒಡೆಯಲು ಸಾಕಾಗುವುದು 1.23 ವೋಲ್ಟ್, ಯಂತ್ರಗಳು ನುಂಗುವುದು 1.8ರಿಂದ 2 ವೋಲ್ಟ್. ಆ ಕಡೆಯಲ್ಲಿ ನೀರಿನ ಬದಲು ಯೂರಿಯಾವನ್ನು ಉತ್ಕರ್ಷಿಸಿದರೆ ಲೆಕ್ಕಕ್ಕೆ ಬೇಕಾದ್ದು 0.37 ವೋಲ್ಟ್ ಮಾತ್ರ. ಆಗ ಧನ ವಿದ್ಯುದ್ವಾರದಲ್ಲಿ ಸಾರಜನಕ ಮತ್ತು ಇಂಗಾಲದ ಡೈಆಕ್ಸೈಡ್ ಬರುತ್ತವೆ, ಋಣ ವಿದ್ಯುದ್ವಾರದಲ್ಲಿ ಎಂದಿನಂತೆ ಜಲಜನಕ. ನಿಕ್ಕಲ್ ಬಳಸಿ ಮೂತ್ರದ ಯೂರಿಯಾದಿಂದ ಹೀಗೆ ಜಲಜನಕ ತೆಗೆಯಬಹುದೆಂದು ಅಮೆರಿಕದ ಓಹಾಯೋ ವಿಶ್ವವಿದ್ಯಾಲಯದ ಜೆರಾರ್ಡಿನ್ ಬಾಟ್ ಅವರ ತಂಡ 2009ರಲ್ಲಿ ಪ್ರಕಟಿಸಿತು.

1.23ರ ಜಾಗದಲ್ಲಿ 0.37 ಎಂದರೆ ಶೇ 70ರಷ್ಟು ಉಳಿತಾಯ. ಈ ಸಂಖ್ಯೆಯನ್ನು ಎಚ್ಚರದಿಂದ ಓದಬೇಕು. ಒಂದು ಕಿಲೋ ಜಲಜನಕಕ್ಕೆ ಪ್ರತಿ ವೋಲ್ಟಿಗೆ ಸುಮಾರು 26.6 ಯೂನಿಟ್ ಕರೆಂಟು ಬೇಕು. 1.8 ವೋಲ್ಟಿನಲ್ಲಿ ನಡೆದರೆ 48 ಯೂನಿಟ್. 0.37ರಲ್ಲೇ ನಡೆಯುವುದಾದರೆ ಹತ್ತೇ ಯೂನಿಟ್ ಸಾಕು. ಆದರೆ ನಿಕ್ಕಲ್ ಅಷ್ಟು ಕೆಳಗಿನ ವೋಲ್ಟಿಗೆ ಬಗ್ಗುವುದಿಲ್ಲ. ಸಾಮಾನ್ಯ ನಿಕ್ಕಲ್ ಆಕ್ಸೈಡಿನಲ್ಲಿ ಪ್ರತಿ ನಿಕ್ಕಲ್ ಪರಮಾಣು ಎರಡು ಎಲೆಕ್ಟ್ರಾನ್ ಕಳೆದುಕೊಂಡಿರುತ್ತದೆ. ಯೂರಿಯಾವನ್ನು ಸುಲಭವಾಗಿ ಉತ್ಕರ್ಷಿಸುವುದು ಮೂರು ಕಳೆದುಕೊಂಡ ನಿಕ್ಕಲ್. ಕ್ಷಾರ ದ್ರಾವಣದಲ್ಲಿ ಆ ಸ್ಥಿತಿ ಮುಟ್ಟಿಸಲು ಸುಮಾರು 1.35 ವೋಲ್ಟ್ ಬೇಕು. ಇಡೀ ಕೋಶ 1.5 ವೋಲ್ಟಿನಲ್ಲಿ ನಡೆದರೆ ಖರ್ಚು 40 ಯೂನಿಟ್, ಉಳಿತಾಯ ಕಿಲೋಗೆ ಎಂಟು ಯೂನಿಟ್. ಇದು ಸಣ್ಣದಲ್ಲ, ಆದರೆ ಶೇ 70 ಖಂಡಿತ ಅಲ್ಲ.

ಶಿವನಪುರದ ಕೆಲಸ ಮುಖ್ಯವಾಗುವುದು ಇಲ್ಲಿ. ತಂಡ ನಿಕ್ಕಲ್ ಆಕ್ಸೈಡಿನ ಮೇಲೆ ಹೆಚ್ಚು ಶಕ್ತಿಯ ಎಲೆಕ್ಟ್ರಾನ್ ಕಿರಣ ಹಾಯಿಸಿತು. ಕಿರಣ ಬಿದ್ದ ಮೇಲ್ಮೈಯಲ್ಲಿ ದೋಷಗಳು ಹುಟ್ಟಿ, ಮೂರು ಎಲೆಕ್ಟ್ರಾನ್ ಕಳೆದುಕೊಂಡ ನಿಕ್ಕಲ್ ಹೆಚ್ಚಾಯಿತು. ಯೂರಿಯಾ ಅಣುಗಳು ಅಲ್ಲಿ ನೇರವಾಗಿ ಅಂಟಿಕೊಂಡು ಉತ್ಕರ್ಷಗೊಂಡವು. ಇನ್ನೊಂದು ಲಾಭವೂ ಕಂಡಿತು. ಯೂರಿಯಾ ಒಡೆದಾಗ ಹುಟ್ಟುವ ಇಂಗಾಲ-ಆಮ್ಲಜನಕದ ಚೂರುಗಳು ನಿಕ್ಕಲ್ ಮೇಲೆ ಗಟ್ಟಿಯಾಗಿ ಕೂತು ಜಾಗ ಬಿಡುವುದಿಲ್ಲ. ವೇಗವರ್ಧಕಕ್ಕೆ ವಿಷವೇರುವುದು ಎಂದರೆ ಇದೇ. ದೋಷಭರಿತ ಮೇಲ್ಮೈ ಈ ವಿಷವನ್ನು ಹೆಚ್ಚು ತಾಳಿಕೊಂಡಿತು. ಈ ಫಲಿತಾಂಶಗಳು 2021ರಲ್ಲಿ ಬಂದವು. ಬಳಿಕ ತಂಡ ನಿಯೋಡಿಮಿಯಮ್ ನಿಕ್ಕಲೇಟ್ ಎಂಬ ರಂಧ್ರಮಯ ಸಂಯುಕ್ತವನ್ನು ಕೈಗೆತ್ತಿಕೊಂಡಿತು. ಅದರಲ್ಲಿ ನಿಕ್ಕಲ್ ಮೊದಲೇ ಮೂರರ ಸ್ಥಿತಿಯಲ್ಲಿರುತ್ತದೆ, ಜೊತೆಗೆ ವಸ್ತು ಲೋಹದ ಹಾಗೆ ಕರೆಂಟು ಹರಿಸುತ್ತದೆ. ನಿಯೋಡಿಮಿಯಮ್ ವಿರಳ ಭೂಧಾತುಗಳ ಗುಂಪಿನದು. ಅದನ್ನು ಕಾರ್ಖಾನೆಯ ಮಟ್ಟಕ್ಕೆ ಒಯ್ಯುವುದಕ್ಕಿಂತ ಅದರಿಂದ ಕಲಿತದ್ದನ್ನು ಬರೀ ನಿಕ್ಕಲ್‌ಗೆ ಕಲಿಸುವುದೇ ಒಳ್ಳೆಯ ದಾರಿ ಎನಿಸುತ್ತದೆ.

ಸೊಸೈಟಿಯಿಂದ ತಂದ ಯೂರಿಯಾ ಮೂಟೆಯನ್ನೇ ಇದಕ್ಕೆ ಸುರಿಯಬಹುದಲ್ಲ ಎಂದು ಯಾರಿಗಾದರೂ ಅನಿಸಬಹುದು. 60 ಗ್ರಾಂ ಯೂರಿಯಾದ ಲೆಕ್ಕಕ್ಕೆ 6 ಗ್ರಾಂ ಜಲಜನಕ ಬರುತ್ತದೆ. 45 ಕಿಲೋ ಮೂಟೆಗೆ ನಾಲ್ಕೂವರೆ ಕಿಲೋ. ಆದರೆ ಆ ಮೂಟೆಯಷ್ಟು ಯೂರಿಯಾಕ್ಕೆ ಬೇಕಾದ ಅಮೋನಿಯಾ ಮಾಡಲು ಕಾರ್ಖಾನೆ ಮೊದಲೇ ಖರ್ಚು ಮಾಡಿರುವ ಜಲಜನಕವೂ ಅಷ್ಟೇ, ನಾಲ್ಕೂವರೆ ಕಿಲೋ. ಹಾಕಿದ್ದನ್ನೇ ತೆಗೆಯಲು ಮತ್ತೆ ಕರೆಂಟು ಸುಡುವುದರಲ್ಲಿ ಅರ್ಥವಿಲ್ಲ. ಈ ವಿದ್ಯೆಯಿಂದ ಪ್ರಯೋಜನವಾಗುವುದು ಹೇಗೂ ವ್ಯರ್ಥವಾಗುವ, ಕೆರೆ ಸೇರಿದರೆ ಪಾಚಿ ಬೆಳೆಸುವ ಯೂರಿಯಾದಲ್ಲಿ ಮಾತ್ರ.

ಅಲ್ಲೂ ತೊಡಕುಗಳಿವೆ. ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಬಳಸುವುದು ಲೀಟರಿಗೆ 20 ಗ್ರಾಂ ಯೂರಿಯಾ, 56 ಗ್ರಾಂ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಬೆರೆಸಿದ ಶುದ್ಧ ದ್ರಾವಣ. ಯೂರಿಯಾದ ಪ್ರಮಾಣ ಮನುಷ್ಯರ ಮೂತ್ರಕ್ಕೆ ಹತ್ತಿರವಾದರೂ ನಿಜವಾದ ಮೂತ್ರದಲ್ಲಿ, ಗಂಜಲದಲ್ಲಿ ಕ್ಲೋರೈಡ್ ಇರುತ್ತದೆ, ಅದು ನಿಕ್ಕಲ್ಲನ್ನು ತಿನ್ನುತ್ತದೆ. ತಡಮಾಡಿದರೆ ಬ್ಯಾಕ್ಟೀರಿಯಾಗಳು ಮೊದಲೇ ಯೂರಿಯಾವನ್ನು ಮುಗಿಸಿರುತ್ತವೆ. ಇವೆಲ್ಲಕ್ಕಿಂತ ಕಾಡುವುದು ಇನ್ನೊಂದು: ಎಷ್ಟೋ ನಿಕ್ಕಲ್ ವೇಗವರ್ಧಕಗಳು ಯೂರಿಯಾವನ್ನು ಪೂರ್ತಿ ಸಾರಜನಕವಾಗಿಸುವುದಿಲ್ಲ, ಒಂದು ಪಾಲನ್ನು ನೈಟ್ರೈಟ್ ಮತ್ತು ಸಯನೇಟ್ ಆಗಿಸುತ್ತವೆ. ನೈಟ್ರೈಟ್ ನೀರಿಗೆ ಸೇರಿದರೆ ಯೂರಿಯಾಕ್ಕಿಂತ ಕೆಡುಕು. ಎಷ್ಟು ಕರೆಂಟು ಹರಿಯಿತು ಎಂದಷ್ಟೇ ಅಳೆಯುವ ಪ್ರಬಂಧ ಇದನ್ನು ಹಿಡಿಯುವುದಿಲ್ಲ. ಹೊರಬಂದ ನೀರಿನಲ್ಲಿ ಏನಿದೆ ಎಂದೂ ಅಳೆಯಬೇಕು.

ಆದ್ದರಿಂದ ಮೊದಲ ದೊಡ್ಡ ಪರೀಕ್ಷೆಗೆ ಕೊಟ್ಟಿಗೆಗಿಂತ ಯೂರಿಯಾ ಕಾರ್ಖಾನೆಯೇ ತಕ್ಕ ಜಾಗ. ಯೂರಿಯಾ ತಯಾರಾಗುವಾಗ ನೀರೂ ಹುಟ್ಟುತ್ತದೆ, ಅದರಲ್ಲಿ ಒಂದಿಷ್ಟು ಯೂರಿಯಾ ಉಳಿದಿರುತ್ತದೆ. ಈಗ ಅದನ್ನು ಹಬೆಯ ಶಾಖದಲ್ಲಿ ಒಡೆದು ಅಮೋನಿಯಾವನ್ನು ಹಿಂದಕ್ಕೆ ಪಡೆಯುತ್ತಾರೆ. ಆ ನೀರಿನಲ್ಲಿ ಸಗಣಿಯ ಬ್ಯಾಕ್ಟೀರಿಯಾ ಇಲ್ಲ, ಉಪ್ಪಿನ ಕಾಟವೂ ಕಡಿಮೆ. ಜಲಜನಕ ಬಂದರೆ ಬಳಸಿಕೊಳ್ಳುವ ಅಮೋನಿಯಾ ಘಟಕ ಪಕ್ಕದಲ್ಲೇ ಇರುತ್ತದೆ. ಅಲ್ಲಿ ತಿಂಗಳುಗಟ್ಟಲೆ ಬಾಳಿದ ನಿಕ್ಕಲ್ ವಿದ್ಯುದ್ವಾರವನ್ನು ಆಮೇಲೆ ದೊಡ್ಡ ಡೇರಿಗಳಿಗೆ, ಮೂತ್ರವನ್ನು ಬೇರೆ ಕೊಳವೆಯಲ್ಲಿ ಹಿಡಿಯುವ ಹಾಸ್ಟೆಲುಗಳಿಗೆ ತರಬಹುದು.