ಇಳಿಜಾರು, ಮಳೆ, ಮಣ್ಣು: ಮಲೆನಾಡಿನ ಮನೆಗೊಂದು ನಕ್ಷೆ

ಸಕಲೇಶಪುರ, ಆಲೂರು ತಾಲ್ಲೂಕುಗಳ ಗುಡ್ಡಗಾಡಿನಲ್ಲಿ ಎರಡು ಮಾಡುಗಳುಳ್ಳ ಮನೆಗಳು ಈಗ ಸಾಮಾನ್ಯವಾಗಿವೆ. ಕೆಳಗೆ ಸಮತಟ್ಟಾದ ಕಾಂಕ್ರೀಟ್ ತಾರಸಿ. ಅದು ಸೋರತೊಡಗಿದ ಮೇಲೆ ಕಬ್ಬಿಣದ ಕಂಬಗಳನ್ನು ನಿಲ್ಲಿಸಿ ಹೊದಿಸಿದ ತಗಡಿನ ಇಳಿಜಾರು ಮಾಡು ಮೇಲೆ. ಬಯಲುಸೀಮೆಯ ಪಟ್ಟಣದ ನಕ್ಷೆಯನ್ನು ಮಲೆನಾಡಿಗೆ ತಂದುದಕ್ಕೆ ತೆರುವ ದಂಡವಿದು. ಇದಕ್ಕಿಂತ ದೊಡ್ಡ ದಂಡ ಮನೆಯ ಹಿಂಬದಿಯಲ್ಲಿ ಕಾದಿರುತ್ತದೆ: ನಿವೇಶನ ಮಟ್ಟ ಮಾಡಲು ನೇರವಾಗಿ ಕಡಿದು ನಿಲ್ಲಿಸಿದ ಗುಡ್ಡದ ಧರೆ.

ಪರಿಸರಕ್ಕೆ ಹೊಂದುವ ಕಟ್ಟಡವೆಂದರೆ ಮಾಡಿನ ಮೇಲೆ ಸೌರಫಲಕ, ಅಂಗಳದಲ್ಲಿ ನಾಲ್ಕು ಗಿಡ ಎಂದಷ್ಟೇ ಅಲ್ಲ. ಆ ಸ್ಥಳದ ಇಳಿಜಾರು, ಮಳೆ ಮತ್ತು ಮಣ್ಣನ್ನು ಅರಿತು, ಅವುಗಳ ಜೊತೆ ಹೋರಾಡದೆ ಕಟ್ಟುವುದೇ ಅದರ ತಿರುಳು. ಆಲೂರು ತಾಲ್ಲೂಕಿನ ಕುಂದೂರು ಹೋಬಳಿಯಂಥ ಸೀಮೆಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ಸಕಲೇಶಪುರದ ಪಶ್ಚಿಮಕ್ಕೆ, ಘಟ್ಟದ ಅಂಚಿನಲ್ಲಿ, ವರ್ಷಕ್ಕೆ 2000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಪೂರ್ವಕ್ಕೆ ಹಾಸನದ ಕಡೆ ಸರಿದಂತೆ ಅದು ಬೇಗನೆ ಇಳಿಯುತ್ತದೆ. ಕುಂದೂರು ಈ ಎರಡರ ನಡುವೆ ಇದೆ.

ಇಳಿಜಾರಿನ ಲೆಕ್ಕ

ಗುಡ್ಡದ ಮಣ್ಣು ಜಾರದೆ ನಿಲ್ಲುವುದು ಕಣಗಳ ನಡುವಣ ಘರ್ಷಣೆ ಮತ್ತು ಅಂಟಿನಿಂದ. ಎಡೆಬಿಡದೆ ಮಳೆ ಸುರಿದಾಗ ಕಣಗಳ ನಡುವಣ ರಂಧ್ರಗಳಲ್ಲಿ ನೀರು ತುಂಬಿ, ಅದರ ಒತ್ತಡ ಕಣಗಳನ್ನು ದೂರ ತಳ್ಳುತ್ತದೆ. ಘರ್ಷಣೆ ಕುಗ್ಗುತ್ತದೆ, ಮಣ್ಣಿನ ತೂಕ ಮಾತ್ರ ಹೆಚ್ಚುತ್ತದೆ. ಇದೇ ವೇಳೆಗೆ ಗುಡ್ಡದ ಬುಡವನ್ನೂ ಕಡಿದಿದ್ದರೆ ಕುಸಿತಕ್ಕೆ ಬೇರೆ ಕಾರಣ ಬೇಡ. 2018ರ ಆಗಸ್ಟ್‌ನಲ್ಲಿ ಕೊಡಗು ಹಾಗೂ ಸಕಲೇಶಪುರ ತಾಲ್ಲೂಕಿನ ಅನೇಕ ಕಡೆ ಗುಡ್ಡಗಳು ಕುಸಿದವು. ಕೊಡಗಿನ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ, ರಸ್ತೆ ಮತ್ತು ಕಟ್ಟಡಗಳಿಗಾಗಿ ಇಳಿಜಾರನ್ನು ಕಡಿದದ್ದನ್ನು ಮುಖ್ಯ ಕಾರಣಗಳಲ್ಲಿ ಒಂದೆಂದು ಗುರುತಿಸಿತು. 2024ರ ಜುಲೈನಲ್ಲಿ ಶಿರಾಡಿ ಘಾಟಿಯ ಹೆದ್ದಾರಿಯ ಮೇಲೆ ಮತ್ತೆ ಗುಡ್ಡ ಕುಸಿಯಿತು.

ಹಾಗಾದರೆ ಗುಡ್ಡದಲ್ಲಿ ಮನೆ ಕಟ್ಟಲೇಬಾರದೆ? ಕಟ್ಟಬಹುದು, ಆಕಾರ ಬದಲಿಸಬೇಕು. 20 ಡಿಗ್ರಿ ಇಳಿಜಾರಿನಲ್ಲಿ 10 ಮೀಟರ್ ಅಗಲ, 10 ಮೀಟರ್ ಉದ್ದದ ಚೌಕ ಮನೆಗೆ ಜಾಗ ಮಟ್ಟ ಮಾಡಿದರೆ ಹಿಂಬದಿಯ ಧರೆ ಸುಮಾರು 3.6 ಮೀಟರ್ ಎತ್ತರವಾಗುತ್ತದೆ. ಅಗೆಯಬೇಕಾದ ಮಣ್ಣು ಸುಮಾರು 180 ಘನ ಮೀಟರ್. ಅಷ್ಟೇ ವಿಸ್ತೀರ್ಣವನ್ನು 5 ಮೀಟರ್ ಅಗಲ, 20 ಮೀಟರ್ ಉದ್ದವಾಗಿಸಿ ಗುಡ್ಡಕ್ಕೆ ಅಡ್ಡಲಾಗಿ, ಸಮಪಾತಳಿ ರೇಖೆಗುಂಟ ಕೂರಿಸಿದರೆ ಧರೆಯ ಎತ್ತರ 1.8 ಮೀಟರ್, ಮಣ್ಣು 90 ಘನ ಮೀಟರ್. ಎರಡೂ ಅರ್ಧಕ್ಕೆ ಇಳಿದವು. ಇನ್ನೂ ಮುಖ್ಯವಾದುದು ಒತ್ತಡ. ತಡೆಗೋಡೆಯ ಮೇಲೆ ಮಣ್ಣು ಹೇರುವ ಒಟ್ಟು ಒತ್ತಡ ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಎತ್ತರ ಅರ್ಧವಾದರೆ ಗೋಡೆಯ ಪ್ರತಿ ಮೀಟರ್ ಉದ್ದದ ಮೇಲಿನ ಒತ್ತಡ ಕಾಲು ಭಾಗಕ್ಕೆ ಇಳಿಯುತ್ತದೆ.

ತಡೆಗೋಡೆಯ ಹಿಂದೆ ಜಲ್ಲಿ ತುಂಬಿ, ಗೋಡೆಯಲ್ಲಿ ನೀರು ಹೊರಬರಲು ತೂತುಗಳನ್ನು ಬಿಡಬೇಕು. ತೂತಿಲ್ಲದ ಗೋಡೆ ಮಣ್ಣಿನ ಜೊತೆಗೆ ನೀರಿನ ಒತ್ತಡವನ್ನೂ ಹೊರಬೇಕಾಗುತ್ತದೆ.

ಮಳೆ ಬೀಳುವ ಕೋನ

ಹಳೆಯ ಮನೆಗಳ ಇಳಿಜಾರು ಮಾಡು, ಜಗಲಿಗಳು ಕೇವಲ ಅಲಂಕಾರಕ್ಕೆ ಇದ್ದವಲ್ಲ. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್ ಹೆಂಚಿನ ಕಾರ್ಖಾನೆ ಆರಂಭವಾದ ಮೇಲೆ ಕೆಂಪು ಹೆಂಚು ಘಟ್ಟ ಹತ್ತಿ ಬಂತು. ಒಂದಕ್ಕೊಂದು ಸಿಕ್ಕಿಕೊಳ್ಳುವ ಈ ಹೆಂಚು ನೀರನ್ನು ನಿಲ್ಲಗೊಡದೆ ಜಾರಿಸುತ್ತದೆ. ಒಡೆದರೆ ಒಂದು ಹೆಂಚು ಬದಲಿಸಿದರೆ ಸಾಕು.

ಆದರೆ ಮಲೆನಾಡಿನ ಮಳೆ ನೇರವಾಗಿ ಬೀಳುವುದಿಲ್ಲ. ಮುಕ್ಕಾಲು ಮೀಟರ್ ಚಾಚಿದ ಸೂರಿರುವ, 3 ಮೀಟರ್ ಎತ್ತರದ ಗೋಡೆಯನ್ನು ಊಹಿಸಿಕೊಳ್ಳಿ. ಗಾಳಿಗೆ ಮಳೆ 30 ಡಿಗ್ರಿ ವಾಲಿದರೆ ಗೋಡೆಯ ಮೇಲಿನ 1.3 ಮೀಟರ್ ಮಾತ್ರ ಒಣಗಿರುತ್ತದೆ. 45 ಡಿಗ್ರಿ ವಾಲಿದರೆ ಮೇಲಿನ ಮುಕ್ಕಾಲು ಮೀಟರ್ ಮಾತ್ರ. ಅದೇ ಗೋಡೆಗೆ 1.8 ಮೀಟರ್ ಅಗಲದ ಜಗಲಿ ಕಟ್ಟಿ, ಅದರ ಸೂರನ್ನು ನೆಲದಿಂದ 2.1 ಮೀಟರ್ ಎತ್ತರಕ್ಕೆ ಇಳಿಸಿದರೆ? 45 ಡಿಗ್ರಿ ಇರಚಲು ಕೂಡ ಗೋಡೆಯ ಬುಡದ 30 ಸೆಂಟಿಮೀಟರಿಗಷ್ಟೇ ತಗಲುತ್ತದೆ. ನೈಋತ್ಯ ಮಾರುತ ಬಡಿಯುವ ಪಶ್ಚಿಮ ಮತ್ತು ದಕ್ಷಿಣದ ಕಡೆ ಜಗಲಿ ಇರಬೇಕೆಂಬುದಕ್ಕೆ ಇದೇ ಕಾರಣ. ಒಣಗಿರುವ ಗೋಡೆಗೆ ಬೂಷ್ಟು ಹಿಡಿಯುವುದಿಲ್ಲ.

ಇನ್ನು ಸೂರಿನಿಂದ ಸುರಿಯುವ ನೀರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. ವರ್ಷಕ್ಕೆ 2000 ಮಿಲಿಮೀಟರ್ ಮಳೆಯಾಗುವಲ್ಲಿ 100 ಚದರ ಮೀಟರ್ ಮಾಡಿನ ಮೇಲೆ 2 ಲಕ್ಷ ಲೀಟರ್ ಬೀಳುತ್ತದೆ. ಅದನ್ನು ದೋಣಿಯಲ್ಲಿ ಹಿಡಿದು ಬೇಸಿಗೆಗೆ ಬೇಕಾದಷ್ಟನ್ನು ತೊಟ್ಟಿಗೆ ತುಂಬಿಸಿ, ಉಳಿದದ್ದನ್ನು ಕಲ್ಲು ಕಟ್ಟಿದ ಚರಂಡಿಯಲ್ಲಿ ಸಹಜ ಹಳ್ಳಕ್ಕೆ ಬಿಡಬೇಕು. ಬಯಲುಸೀಮೆಯಲ್ಲಿ ಇಂಗುಗುಂಡಿ ಒಳ್ಳೆಯದೇ. ಗುಡ್ಡದಲ್ಲಿ ಮನೆಯ ಮೇಲ್ಗಡೆ ಅಥವಾ ಧರೆಯ ಅಂಚಿನಲ್ಲಿ ಅದನ್ನು ತೋಡುವುದೆಂದರೆ ಕುಸಿತಕ್ಕೆ ಕರೆ ಕೊಟ್ಟಂತೆ.

ಅಗೆದ ಮಣ್ಣೇ ಗೋಡೆ

ಅಗೆದು ತೆಗೆದ ಮಣ್ಣನ್ನು ಸಾಮಾನ್ಯವಾಗಿ ಕೆಳಗಿನ ಇಳಿಜಾರಿಗೆ ನೂಕಿಬಿಡುತ್ತಾರೆ. ಸಡಿಲವಾದ ಆ ಮಣ್ಣು ಮೊದಲ ದೊಡ್ಡ ಮಳೆಗೇ ಕೆಳಗಿನ ತೋಟ, ಗದ್ದೆಗಳಿಗೆ ಇಳಿಯುತ್ತದೆ. ಅದರಿಂದಲೇ ಗೋಡೆ ಕಟ್ಟಲು ಸಾಧ್ಯ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರ ನೇತೃತ್ವದಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಕೇಂದ್ರ ಆರಂಭವಾಯಿತು. ಅಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಸ್ಥಿರೀಕರಿಸಿದ ಮಣ್ಣಿನ ಇಟ್ಟಿಗೆಯ ತಂತ್ರವನ್ನು ಬೆಳೆಸಿದರು. ಜರಡಿ ಹಿಡಿದ ಮಣ್ಣಿಗೆ ಶೇಕಡ 6ರಿಂದ 8ರಷ್ಟು ಸಿಮೆಂಟ್ ಬೆರೆಸಿ, ಸ್ವಲ್ಪವೇ ನೀರು ಚಿಮುಕಿಸಿ, ಕೈಯಂತ್ರದಲ್ಲಿ ಒತ್ತಿ ತೆಗೆದ ಇಟ್ಟಿಗೆಯನ್ನು ಮೂರು ನಾಲ್ಕು ವಾರ ಒದ್ದೆ ಹುಲ್ಲಿನಡಿ ಇಟ್ಟು ಹದ ಮಾಡುತ್ತಾರೆ. ಇದಕ್ಕೆ ಗೂಡು ಬೇಡ, ಸೌದೆಯೂ ಬೇಡ. ಒಂದು ಘನ ಮೀಟರ್ ಸುಟ್ಟ ಇಟ್ಟಿಗೆ ಗೋಡೆಗೆ ಸುಮಾರು 2100 ಮೆಗಾಜೌಲ್ ಶಕ್ತಿ ಬೇಕು; ಶೇಕಡ 6 ಸಿಮೆಂಟಿನ ಮಣ್ಣಿನ ಇಟ್ಟಿಗೆ ಗೋಡೆಗೆ ಅದರ ಮೂರನೇ ಒಂದು ಭಾಗದಷ್ಟು ಸಾಕು.

ಎಲ್ಲ ಮಣ್ಣೂ ಇದಕ್ಕೆ ಒದಗುವುದಿಲ್ಲ. ಮೇಲಿನ ಕಪ್ಪು ಮಣ್ಣನ್ನು ತೋಟಕ್ಕೆ ಹಾಕಿ, ಕೆಳಗಿನ ಕೆಂಪು ಮಣ್ಣನ್ನು ಪರೀಕ್ಷಿಸಬೇಕು. ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಮಣ್ಣು ತುಂಬಿ, ನೀರು ಹಾಕಿ, ಚೆನ್ನಾಗಿ ಕುಲುಕಿ ಒಂದು ದಿನ ಬಿಡಿ. ತಳದಲ್ಲಿ ಮರಳು, ನಡುವೆ ನಯವಾದ ಹೂಳು, ಮೇಲೆ ಜೇಡಿ ಪದರಗಳಾಗಿ ಕೂರುತ್ತವೆ. ಜೇಡಿ ಶೇಕಡ 10ರಿಂದ 15ರಷ್ಟಿದ್ದರೆ ಒಳ್ಳೆಯದು. ಹೆಚ್ಚಿದ್ದರೆ ಇಟ್ಟಿಗೆ ಕುಗ್ಗಿ ಬಿರುಕು ಬಿಡುತ್ತದೆ. ಆಗ ಮರಳು ಅಥವಾ ಕಲ್ಲುಪುಡಿ ಬೆರೆಸಬೇಕು.

ಮೇಲೆ ಹೇಳಿದ ಉದ್ದ ಮನೆಗೆ ಹೊರಗೋಡೆ, ಒಳಗೋಡೆ ಸೇರಿ ಸುಮಾರು 45 ಘನ ಮೀಟರ್ ಇಟ್ಟಿಗೆ ಕೆಲಸ ಬೇಕಾದೀತು. ಅಗೆದದ್ದು 90. ಅಂದರೆ ಮಣ್ಣು ಹದವಾಗಿದ್ದರೆ ಮನೆಯ ಗೋಡೆಗಳು ಮನೆಯ ಜಾಗದಿಂದಲೇ ಹುಟ್ಟುತ್ತವೆ. ಅಗಲವಾದ ಜಗಲಿಯ ಮಾಡು ಆ ಗೋಡೆಗಳನ್ನು ಮಳೆಯಿಂದ ಕಾಯುತ್ತದೆ. ಇಳಿಜಾರು, ಮಳೆ, ಮಣ್ಣು ಬೇರೆ ಬೇರೆ ಸಮಸ್ಯೆಗಳಲ್ಲ. ಒಂದಕ್ಕೆ ಸರಿಯಾದ ಉತ್ತರ ಇನ್ನೊಂದನ್ನೂ ಹಗುರ ಮಾಡುತ್ತದೆ.

ಮನೆ ಕಟ್ಟಿಸಬೇಕೆಂದಿರುವವರು ಜೆಸಿಬಿ ಕರೆಸುವ ಮೊದಲು ಒಂದು ಮಳೆಗಾಲ ಕಾಯುವುದು ಒಳ್ಳೆಯದು. ಜುಲೈ ತಿಂಗಳ ಜಡಿಮಳೆಯಲ್ಲಿ ನಿವೇಶನಕ್ಕೆ ಹೋಗಿ ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಹೊಸ ಒರತೆ ಎದ್ದಿದೆ ಎಂದು ನೋಡಿ ಗೂಟ ನೆಡಿ. ನೀರಿನ ದಾರಿಯನ್ನು ಬಿಟ್ಟು ಉಳಿದ ಜಾಗವೇ ಮನೆಯ ಜಾಗ. ಎಂಜಿನಿಯರ್ ಬಳಿ ಹೋಗುವಾಗ ಆ ಗೂಟಗಳ ಗುರುತು ಕೈಯಲ್ಲಿರಲಿ.