ಎಐ ಜೊತೆ ಕವಿತೆ: ಕರಡು ನಿಮ್ಮದು, ಪ್ರಶ್ನೆ ಅದರದು

‘ಮಳೆ ಮೇಲೆ ಕವಿತೆ ಬರಿ’ ಅಂದರೆ ಎಐ ತಕ್ಷಣ ಬರೆದುಕೊಡುತ್ತದೆ. ಆದರೆ ಅದು ನಮ್ಮ ಬೀದರ್ ಜಿಲ್ಲೆಯ ಹುಮನಾಬಾದಿನ ಮಳೆಯಾ?

ಎಐ ಅಪಾರ ಬರಹದಿಂದ ಕಲಿತು, ಒಂದು ತುಣುಕಿನ ನಂತರ ಯಾವುದು ಬರುವ ಸಾಧ್ಯತೆ ಹೆಚ್ಚು ಎಂದು ಲೆಕ್ಕ ಹಾಕಿ ಸಾಲು ಕಟ್ಟುತ್ತದೆ. ಹಾಗಾಗಿ ಎಲ್ಲರೂ ಬರೆದದ್ದೇ ಮೊದಲು ಬರುತ್ತದೆ: ಮಣ್ಣಿನ ವಾಸನೆ, ಕುಣಿಯುವ ನವಿಲು. ಇಂಟರ್ನೆಟ್ಟಿನಲ್ಲಿ ಕನ್ನಡ ಬರಹ ಇಂಗ್ಲಿಷಿಗಿಂತ ಬಹಳ ಕಡಿಮೆ. ಬೀದರ್ ಕಡೆಯ ಮಾತು ಇನ್ನೂ ಕಡಿಮೆ.

ಅದಕ್ಕೇ ಮೊದಲ ಕರಡು ನೀವೇ ಬರೆಯಿರಿ. ಹೊಲದ ತೊಗರಿ, ಉದ್ದು, ವೀರಭದ್ರೇಶ್ವರ ಜಾತ್ರೆ, ಕನ್ನಡ-ಮರಾಠಿ-ಉರ್ದು ಬೆರೆತ ಸಂತೆಯ ಮಾತು, ಎಲ್ಲ ಬರಲಿ. ಆಮೇಲೆ ಎಐಗೆ ಹೇಳಿ: ‘ನೀನು ಬರೀಬೇಡ, ಪ್ರಶ್ನೆ ಕೇಳು. ಯಾವ ಸಾಲು ಸವಕಲು? ಎಲ್ಲಿ ಅರ್ಥ ಮಸುಕು?’ ನಿಮ್ಮ ‘ಹೊಂಟೀನಿ’ಯನ್ನು ‘ಹೊರಟಿದ್ದೇನೆ’ ಎಂದು ತಿದ್ದಿದರೆ ಒಪ್ಪಬೇಡಿ.

ಪ್ರಶ್ನೆಯಿಂದ ಕಾವ್ಯ ಬೆಳೆಯುವುದು ಈ ನೆಲಕ್ಕೆ ಹೊಸದಲ್ಲ. ಪಕ್ಕದ ಬಸವಕಲ್ಯಾಣ 12ನೇ ಶತಮಾನದ ಶರಣರ ಕಲ್ಯಾಣ. ಆ ಶರಣರಲ್ಲಿ ವಚನಕಾರರಾದ ಅಲ್ಲಮ ಮತ್ತು ಅಕ್ಕಮಹಾದೇವಿಯರ ಸಂವಾದವನ್ನು ‘ಶೂನ್ಯಸಂಪಾದನೆ’ ಗ್ರಂಥ ಕಟ್ಟಿಕೊಡುತ್ತದೆ. ಆದರೆ ಅಲ್ಲಿ ಕೇಳಿದವರೂ ಉತ್ತರಿಸಿದವರೂ ಬದುಕಿ ಕಂಡವರು. ವಚನಕ್ಕೆ ತಮ್ಮ ಅಂಕಿತ ಇಟ್ಟು, ಆಡಿದ ಮಾತಿಗೆ ಹೊಣೆಯಾದವರು. ಎಐಗೆ ಆ ಬದುಕೂ ಇಲ್ಲ, ಆ ಹೊಣೆಯೂ ಇಲ್ಲ. ಎರಡೂ ನಿಮ್ಮವು.

ಹಾಗಾಗಿ ಎರಡು ನಿಯಮ. ಎಐ ನೆರವು ಪಡೆದಿದ್ದರೆ ಪ್ರಕಟಿಸುವಾಗ ಹೇಳಿ. ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿ, ನಿಮ್ಮದಲ್ಲ ಅನ್ನಿಸಿದ್ದನ್ನು, ಎಷ್ಟೇ ಚೆಂದವಿದ್ದರೂ, ಹೊಡೆದುಹಾಕಿ.

ಇವತ್ತೇ ನಿಮ್ಮೂರಿನ ಮೇಲೆ ನಾಲ್ಕು ಸಾಲು ಬರೆಯಿರಿ. ಎಐ ಆ್ಯಪ್ ತೆರೆಯುವುದು ಅದಾದ ಮೇಲೆ.